ರಿಸೆಪ್ಷನ್ ಕೌಂಟರಿನಲ್ಲಿ ಮಕ್ಕಳ ರಕ್ಷಣೆ: ಇಂಟರ್ನ್‌ಶಿಪ್‌ಗೆ ಹೊರಟವರಿಗೆ ಒಂದು ಕೈಪಿಡಿ

ಪ್ರವಾಸಿ ಊರುಗಳಲ್ಲಿ ಮಕ್ಕಳ ಲೈಂಗಿಕ ಶೋಷಣೆ ತಡೆಯಲು ದುಡಿಯುವ ನಮ್ಮ ಸಂಸ್ಥೆಗೆ ಇಂಟರ್ನ್‌ಶಿಪ್ ಕೇಳಿಕೊಂಡು ಬರುವವರಿಗೆ ನಾನು ಹಾಕುವ ಮೊದಲ ಪ್ರಶ್ನೆ, "ಈ ಕೆಲಸಕ್ಕೇ ಯಾಕೆ ಬಂದ್ರಿ?" ಬಹಳ ಜನ ಹೇಳುವುದು, "ನಂಗೆ ಮಕ್ಕಳು ಅಂದ್ರೆ ಪ್ರಾಣ ಮೇಡಂ." ಒಳ್ಳೆಯ ಮನಸ್ಸೇ, ತಪ್ಪಿಲ್ಲ. ಆದರೆ "ಈ ಮೂರು ತಿಂಗಳಲ್ಲಿ ನೀವು ಒಂದು ಮಗುವಿನ ಜೊತೆಗೂ ಕೂತು ಮಾತಾಡೋದಿಲ್ಲ, ಪರವಾಗಿಲ್ವಾ?" ಎಂದು ಕೇಳಿದ ತಕ್ಷಣ ಎಷ್ಟೋ ಮುಖಗಳು ಸಪ್ಪಗಾಗುತ್ತವೆ.

ಸಪ್ಪಗಾಗದೆ "ಹಾಗಾದ್ರೆ ಯಾರ ಜೊತೆ ಮಾತಾಡ್ಬೇಕು?" ಎಂದು ತಿರುಗಿ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾತಾಡಬೇಕಾದ್ದು ಲಾಡ್ಜಿನ ರಿಸೆಪ್ಷನಿಸ್ಟ್ ಜೊತೆ. ಬೆಡ್‌ಶೀಟ್ ಬದಲಿಸುವ ಅಕ್ಕನ ಜೊತೆ. ಬಸ್‌ಸ್ಟ್ಯಾಂಡಿನಲ್ಲಿ "ರೂಮ್ ಬೇಕಾ ಸಾರ್" ಎನ್ನುವ ಆಟೋದವರ ಜೊತೆ. ತೋಟದ ಮನೆಯ ಎರಡು ಕೋಣೆ ಹೋಮ್‌ಸ್ಟೇ ಮಾಡಿಕೊಂಡ ಯಜಮಾನರ ಜೊತೆ. ಮಗುವಿಗೆ ಅಪಾಯ ಮಾಡಲು ಹೊರಟವನು ಈ ನಾಲ್ಕು ಜನರಲ್ಲಿ ಒಬ್ಬರನ್ನಾದರೂ ದಾಟಿಯೇ ಹೋಗಬೇಕು. ಅವರ ಕಣ್ಣು ತೆರೆಸುವುದೇ ನಮ್ಮ ಕೆಲಸ.

ನಾನೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇಂಟರ್ನ್ ಆಗಿ ಸೇರಿದವಳು. ಈಗ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ಹೊಸಬರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ.

ಮೊದಲು ಹಿನ್ನೆಲೆ ತಿಳಿದುಕೊಳ್ಳಿ

ಅರ್ಜಿ ಬರೆಯುವ ಮುಂಚೆ ಎರಡು ದಿನ ಓದಿಗೆ ಇಡಿ. ಎಲ್ಲಿಂದ ಶುರು ಎಂದರೆ, ನಮ್ಮ ಪಕ್ಕದ ಗೋವಾದಿಂದ. 1991ರಲ್ಲಿ ಮಡಗಾಂವ್‌ನಲ್ಲಿ ಫ್ರೆಡ್ಡಿ ಪೀಟ್ಸ್ ಎಂಬಾತ ಸಿಕ್ಕಿಬಿದ್ದ. ದಿಕ್ಕಿಲ್ಲದ ಹುಡುಗರಿಗೆ ಆಶ್ರಯ ಕೊಡುವ ದೊಡ್ಡ ಮನುಷ್ಯ ಎಂದು ಊರು ನಂಬಿದ್ದವನು, ಅದೇ ಹುಡುಗರನ್ನು ವಿದೇಶಿ ಪ್ರವಾಸಿಗರ ಕೈಗೆ ಕೊಡುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಪ್ರವಾಸೋದ್ಯಮಕ್ಕೂ ಮಕ್ಕಳ ಶೋಷಣೆಗೂ ಇರುವ ನಂಟನ್ನು ದೇಶ ಗಂಭೀರವಾಗಿ ಎತ್ತಿಕೊಂಡದ್ದು ಈ ಪ್ರಕರಣದ ನಂತರ. ಗೋವಾ 2003ರಲ್ಲಿ ತನ್ನದೇ ಮಕ್ಕಳ ಕಾಯ್ದೆ ಮಾಡಿತು. ಕುಟುಂಬದವರ ಅಥವಾ ರಕ್ತಸಂಬಂಧಿಗಳ ಜೊತೆ ತಂಗುತ್ತಿರುವುದಾಗಿ ನೋಂದಣಿಯಾಗದ ಮಗುವನ್ನು ಹೋಟೆಲಿನ ಕೋಣೆಯೊಳಗೆ ಬಿಡುವಂತಿಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಜವಾಬ್ದಾರಿ ಪೊಲೀಸರ ಹೆಗಲಿನಿಂದ ಕೌಂಟರಿನ ಹಿಂದೆ ಕೂತವನ ಹೆಗಲಿಗೂ ಬಂತು ನೋಡಿ, ಅಲ್ಲಿದೆ ವಿಷಯ.

ಹೊರಗಿನ ಕಥೆಯೂ ಹೆಚ್ಚುಕಡಿಮೆ ಇದೇ ಕಾಲದ್ದು. ಏಷ್ಯಾದ ಪ್ರವಾಸೋದ್ಯಮದಲ್ಲಿ ಮಕ್ಕಳ ಶೋಷಣೆ ನಿಲ್ಲಿಸಬೇಕೆಂದು 1990ರಲ್ಲಿ ಥಾಯ್ಲೆಂಡಿನಲ್ಲಿ ಎಕ್ಪಾಟ್ ಎಂಬ ಸಂಸ್ಥೆ ಹುಟ್ಟಿತು. ಅದರ ಅಂತರರಾಷ್ಟ್ರೀಯ ಕಚೇರಿ ಬ್ಯಾಂಕಾಕ್‌ನಲ್ಲಿದೆ. ಎಕ್ಪಾಟ್‌ನ ಸ್ವೀಡನ್ ಶಾಖೆ 1998ರಲ್ಲಿ ಪ್ರವಾಸ ಕಂಪನಿಗಳನ್ನು ಕೂರಿಸಿಕೊಂಡು ಒಂದು ನೀತಿಸಂಹಿತೆ ಮಾಡಿತು. ಈ ವಲಯದವರು ಅದನ್ನು ಬರೀ 'ದಿ ಕೋಡ್' ಎನ್ನುತ್ತಾರೆ. ಸಹಿ ಹಾಕಿದ ಕಂಪನಿ ಆರು ಕೆಲಸ ಮಾಡಬೇಕು: ಮಕ್ಕಳ ರಕ್ಷಣೆಗೆ ಒಂದು ನೀತಿ, ಸಿಬ್ಬಂದಿಗೆ ತರಬೇತಿ, ಗುತ್ತಿಗೆ ಪತ್ರಗಳಲ್ಲಿ ಈ ಬಗ್ಗೆ ಒಂದು ಷರತ್ತು, ಪ್ರವಾಸಿಗರಿಗೆ ಮಾಹಿತಿ, ಉಳಿದವರ ಜೊತೆ ಕೈಜೋಡಿಸುವುದು, ವರ್ಷಕ್ಕೊಮ್ಮೆ ವರದಿ. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರ ಜುಲೈ 1ರಂದು 'ಸುರಕ್ಷಿತ ಮತ್ತು ಗೌರವಯುತ ಪ್ರವಾಸೋದ್ಯಮ'ದ ನೀತಿಸಂಹಿತೆ ತಂದಿತು. ಎಷ್ಟೋ ಹೋಟೆಲ್‌ಗಳ ಫೈಲಿನಲ್ಲಿ ಅದರ ಸಹಿ ಮಾಡಿದ ಪ್ರತಿ ಇರುತ್ತದೆ. ಫೈಲು ಎಲ್ಲಿದೆ ಎನ್ನುವುದು ಮಾತ್ರ ಮ್ಯಾನೇಜರಿಗೆ ನೆನಪಿರುವುದಿಲ್ಲ.

ಬೆಂಗಳೂರಿಗೂ ಇದರಲ್ಲಿ ಹಳೆಯ ಪಾಲಿದೆ. 1985ರಿಂದ ಇಲ್ಲಿರುವ ಇಕ್ವೇಷನ್ಸ್ ಸಂಸ್ಥೆ ಪ್ರವಾಸೋದ್ಯಮದಿಂದ ಸ್ಥಳೀಯರ ಮೇಲೆ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಾ ಬಂದಿದೆ. ಪುರಿ, ತಿರುಪತಿ, ಗುರುವಾಯೂರಿನಂಥ ಯಾತ್ರಾಸ್ಥಳಗಳಲ್ಲಿ ಗಂಡುಮಕ್ಕಳ ಶೋಷಣೆ ಕುರಿತು ಅದು ಮಾಡಿದ ಅಧ್ಯಯನ ಓದಿದಾಗ ನನ್ನ ಎರಡು ತಪ್ಪು ಕಲ್ಪನೆ ಒಟ್ಟಿಗೇ ಉದುರಿದವು. ಒಂದು, ಇದೆಲ್ಲ ಬೀಚಿನಲ್ಲಿ, ಬಿಳಿಯರಿಂದ ಆಗುವ ಕೆಲಸ ಎನ್ನುವುದು. ಇನ್ನೊಂದು, ಅಪಾಯ ಹೆಣ್ಣುಮಕ್ಕಳಿಗೆ ಮಾತ್ರ ಎನ್ನುವುದು. ನಮ್ಮ ದೇಶದೊಳಗೇ ತಿರುಗಾಡುವ, ದೇವಸ್ಥಾನಕ್ಕೆ ಬಂದ, ಆಫೀಸ್ ಕೆಲಸಕ್ಕೆ ಬಂದ ಗಂಡಸೂ ಈ ಪಟ್ಟಿಯಲ್ಲಿದ್ದಾನೆ. ತರಬೇತಿಯಲ್ಲಿ ಇದನ್ನು ಹೇಳಿದಾಗಲೇ ಕೊಠಡಿ ಗಪ್‌ಚಿಪ್ ಆಗುವುದು.

ಸಂಸ್ಥೆಯನ್ನು ನೀವೂ ಸಂದರ್ಶನ ಮಾಡಿ

ಮಕ್ಕಳ ಹೆಸರು ಹೇಳಿಕೊಂಡು ನಡೆಯುವ ಎಲ್ಲ ಸಂಸ್ಥೆಗಳೂ ಒಂದೇ ತೂಕದವಲ್ಲ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ ನೋಡಿ. ಹಿಂದಿನ ವರ್ಷದ ವಾರ್ಷಿಕ ವರದಿ ಕೇಳಿ. "ನಿಮ್ಮ ಮಕ್ಕಳ ರಕ್ಷಣಾ ನೀತಿಯ ಪ್ರತಿ ಕೊಡ್ತೀರಾ?" ಎಂದು ಕೇಳಿದಾಗ ಏನು ಉತ್ತರ ಬರುತ್ತದೆ ಎನ್ನುವುದೇ ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಪರೀಕ್ಷೆ. ಹೋಟೆಲ್‌ಗಳಿಗೆ ನೀತಿ ಮಾಡಿ ಎಂದು ಹೇಳುವವರ ಬಳಿಯೇ ಅದಿಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ತರಬೇತಿಗೆ ಬಂದವರಿಗೂ ಅದು ಅನ್ವಯ. ಸಮಿತಿಯ ಸದಸ್ಯರು ಯಾರು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ, ಸಂಕೋಚ ಬೇಡ.

"ಬಂದ ದಿನವೇ ಮಕ್ಕಳ ಜೊತೆ ಆಟ ಆಡ್ಬಹುದು, ಫೋಟೊ ತೆಗೀಬಹುದು" ಎಂದು ಆಸೆ ತೋರಿಸುವ ಕಡೆ ಹೋಗಬೇಡಿ. ಇಂಟರ್ನ್‌ಶಿಪ್‌ಗೆ ನಿಮ್ಮಿಂದಲೇ ದುಡ್ಡು ಕೇಳುವ ಕಡೆಯಂತೂ ಬೇಡವೇ ಬೇಡ. ಪ್ರವಾಸಿಗರು ಅನಾಥಾಶ್ರಮಕ್ಕೆ ಒಂದು ಮಧ್ಯಾಹ್ನ ಹೋಗಿ ಬಿಸ್ಕತ್ತು ಹಂಚಿ ಸೆಲ್ಫಿ ತೆಗೆದುಕೊಂಡು ಬರುವ ಪದ್ಧತಿಯ ವಿರುದ್ಧವೇ ನಾವು ಮಾತಾಡುತ್ತೇವೆ. ಕಾಂಬೋಡಿಯಾದ ಫ್ರೆಂಡ್ಸ್-ಇಂಟರ್‌ನ್ಯಾಷನಲ್ ಸಂಸ್ಥೆ 'ಮಕ್ಕಳು ಪ್ರೇಕ್ಷಣೀಯ ಸ್ಥಳಗಳಲ್ಲ' ಎಂದು ಅದಕ್ಕೇ ಅಭಿಯಾನ ಮಾಡಿದ್ದು. ಇಂಟರ್ನ್ ಎಂಬ ಹೆಸರಿನಲ್ಲಿ ನಾವೇ ಅದನ್ನು ಮಾಡಿದರೆ ಹೇಗೆ?

ಸಂಬಳದ ವಿಷಯ ನೇರವಾಗಿ ಕೇಳಿ. ಸ್ಟೈಪೆಂಡ್ ಕೊಡದ ಸಂಸ್ಥೆಗಳೇ ಜಾಸ್ತಿ. ಪಿಜಿ ಬಾಡಿಗೆ, ಬಸ್ ಪಾಸು, ಊಟ ಕೂಡಿಸಿದರೆ ಬೆಂಗಳೂರಿನಲ್ಲಿ ಮೂರು ತಿಂಗಳು ಬಿಟ್ಟಿ ದುಡಿಯುವುದು ಮನೆಯಿಂದ ಹಣ ಬರುವವರಿಗೆ ಮಾತ್ರ ಸಾಧ್ಯ. ಇದು ನಮ್ಮ ವಲಯದ ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ. ಹೋಗಲಿ, ಹೊರ ಊರಿನ ಓಡಾಟದ ಖರ್ಚಾದರೂ ಸಂಸ್ಥೆಯದೇ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ನನ್ನ ಮೊದಲ ಇಂಟರ್ನ್‌ಶಿಪ್‌ನಲ್ಲಿ ಬಾಯಿಮಾತಿನ ಭರವಸೆ ನಂಬಿ ಕಾರವಾರದ ಬಸ್ ಟಿಕೆಟ್‌ಗಳನ್ನು ಪರ್ಸಿನಲ್ಲಿ ಆರು ತಿಂಗಳು ಇಟ್ಟುಕೊಂಡು ತಿರುಗಿದ್ದೆ. ಅಕ್ಷರ ಮಾಸಿಹೋಯಿತು, ದುಡ್ಡು ಬರಲಿಲ್ಲ.

ವಿದೇಶದಲ್ಲಿ ಓದುತ್ತಿರುವ ಕನ್ನಡದ ಹುಡುಗ-ಹುಡುಗಿಯರೂ ನಮಗೆ ಇಮೇಲ್ ಮಾಡುತ್ತಾರೆ. ಅಮೆರಿಕದ ಎಕ್ಪಾಟ್-ಯುಎಸ್‌ಎ ಈಗ ಪ್ಯಾಕ್ಟ್ ಎಂಬ ಹೆಸರಿನಲ್ಲಿದೆ, ಆ ಹೆಸರಿನಲ್ಲೇ ಹುಡುಕಿ. ಎಫ್-1 ವೀಸಾದಲ್ಲಿದ್ದರೆ, ಸಂಬಳ ಇಲ್ಲದಿದ್ದರೂ ಸರಿ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗವನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಅರ್ಜಿ

ಒಂದು ಪುಟದ ಪತ್ರ ಸಾಕು. "ಬಾಲ್ಯದಿಂದಲೂ ಸಮಾಜಸೇವೆಯಲ್ಲಿ ಆಸಕ್ತಿ" ಎಂಬ ಸಾಲನ್ನು ಮೊದಲು ಅಳಿಸಿ. ನಿಮಗೆ ಗೊತ್ತಿರುವ ಒಂದು ಪ್ರವಾಸಿ ಊರಿನ ಬಗ್ಗೆ, ನೀವೇ ಕಂಡದ್ದನ್ನು ನಾಲ್ಕು ಸಾಲು ಬರೆಯಿರಿ. ಕಳೆದ ವರ್ಷ ಒಬ್ಬ ಹುಡುಗ ಬರೆದಿದ್ದ: ಚಿಕ್ಕಮಗಳೂರಿನಲ್ಲಿ ಅವನ ಮಾವನ ಹೋಮ್‌ಸ್ಟೇ, ವೀಕೆಂಡ್ ಬಂತೆಂದರೆ ಬುಕಿಂಗ್ ಎಲ್ಲ ವಾಟ್ಸ್ಯಾಪಿನಲ್ಲಿ, ಐಡಿ ಪ್ರೂಫ್ ಒಬ್ಬರದ್ದು, ಬರುವವರು ಎಂಟು ಜನ. ಇಷ್ಟೇ ಬರೆದದ್ದು. ಅವನನ್ನು ಮರುದಿನವೇ ಕರೆದೆವು.

ಹೋಟೆಲ್ ಮ್ಯಾನೇಜ್‌ಮೆಂಟ್, ಪ್ರವಾಸೋದ್ಯಮ, ಕಾನೂನು ಓದಿದವರಿಗೂ ಎಂಎಸ್‌ಡಬ್ಲ್ಯು ಮಾಡಿದವರಷ್ಟೇ ಜಾಗ ಇದೆ. ಚೆಕ್-ಇನ್ ಎಂದರೇನು, ನೈಟ್ ಆಡಿಟ್ ಎಂದರೇನು ಎಂದು ಗೊತ್ತಿರುವವರನ್ನು ಮ್ಯಾನೇಜರುಗಳು ಬೇಗ ನಂಬುತ್ತಾರೆ. ಕನ್ನಡದ ಜೊತೆ ಹಿಂದಿ ಬಂದರೆ ಬರೆಯಲು ಮರೆಯಬೇಡಿ. ಕೊಡಗಿನ ರೆಸಾರ್ಟ್‌ಗಳಲ್ಲಿ, ಗೋಕರ್ಣದ ಶ್ಯಾಕ್‌ಗಳಲ್ಲಿ ಹೌಸ್‌ಕೀಪಿಂಗ್, ಅಡುಗೆ ಕೆಲಸಕ್ಕೆ ಅಸ್ಸಾಂ, ಒಡಿಶಾ, ನೇಪಾಳದ ಹುಡುಗರು ಬಹಳ ಇದ್ದಾರೆ. ಅವರಿಗೆ ಕನ್ನಡದ ಪೋಸ್ಟರ್ ಗೋಡೆಯ ಅಲಂಕಾರ ಅಷ್ಟೇ.

ಪೊಲೀಸ್ ವೆರಿಫಿಕೇಷನ್ ಪ್ರಮಾಣಪತ್ರ ಕೇಳುತ್ತಾರೆ. ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆಯ್ಕೆಯಾದ ಮೇಲೆ ಹಾಕೋಣ ಎಂದು ಕೂತರೆ ಸೇರುವ ದಿನ ಮುಂದೆ ಹೋಗುತ್ತದೆ. ನಿಮ್ಮನ್ನು ಬಲ್ಲ ಇಬ್ಬರ ಫೋನ್ ನಂಬರನ್ನೂ ಕೇಳುತ್ತಾರೆ, ನಿಜವಾಗಿಯೂ ಫೋನ್ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳ ಹತ್ತಿರ ಬರಲು ಸಂಸ್ಥೆಗಳನ್ನೇ ದಾರಿ ಮಾಡಿಕೊಂಡವರು ಇದ್ದಾರೆ. ಮಡಗಾಂವ್‌ನವನು ಮಾಡಿದ್ದೂ ಅದನ್ನೇ.

ಮೊದಲ ವಾರ: ಕಾನೂನು ಬಾಯಿಗೆ ಬರಬೇಕು

ಮೊದಲ ವಾರ ಸಹಿ, ಓದು, ಮತ್ತೆ ಓದು. ವಕೀಲರಷ್ಟು ಬೇಡ. ಆದರೆ ಲಾಡ್ಜಿನ ಮಾಲೀಕರು "ಅದು ನಮ್ ಕೆಲಸ ಅಲ್ಲಮ್ಮ, ಪೊಲೀಸರದ್ದು" ಎಂದಾಗ ಫೋನ್ ತೆಗೆದು ಗೂಗಲ್ ಮಾಡುವಂತಿರಬಾರದು.

ಪೋಕ್ಸೊ ಕಾಯ್ದೆ, 2012: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾನೂನು. ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ, ಗಂಡಾಗಲಿ ಹೆಣ್ಣಾಗಲಿ. 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದು ಎಂಬ ಆತಂಕ ಇದ್ದರೂ, ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸ್ ಬೀಳುವುದಿಲ್ಲ ಎನ್ನುವುದೂ ಅದೇ ಸೆಕ್ಷನ್‌ನಲ್ಲಿದೆ. ಸಿಬ್ಬಂದಿಗೆ ಇದನ್ನು ಎರಡು ಸಲ ಹೇಳಿ, ಅವರ ಭಯವೆಲ್ಲ ಅಲ್ಲೇ ಇರುವುದು. ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಂಡ ಚಿತ್ರ, ವಿಡಿಯೊ ಥರದ ವಸ್ತು ಕಣ್ಣಿಗೆ ಬಿದ್ದರೆ ತಿಳಿಸಬೇಕಾದವರ ಪಟ್ಟಿ 20ನೇ ಸೆಕ್ಷನ್‌ನಲ್ಲಿದೆ. ಅಲ್ಲಿ ಹೋಟೆಲ್, ಲಾಡ್ಜ್ ಎಂದು ಹೆಸರು ಹಿಡಿದೇ ಬರೆದಿದ್ದಾರೆ. ತಿಳಿಸದಿದ್ದರೆ 21ನೇ ಸೆಕ್ಷನ್: ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಕೈಕೆಳಗಿನವರು ಮಾಡಿದ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ದಂಡ. ಈ ಸಾಲು ಓದಿದ ಮೇಲೆ ಮಾಲೀಕರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಚಹಾವೂ ಬರುತ್ತದೆ.

2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಮಗೇ ಬೇಕಾದದ್ದು. ಮಗುವಿನ ಹೆಸರು, ಶಾಲೆ, ವಿಳಾಸ, ಫೋಟೊ, ಯಾವುದರಿಂದಲೂ ಗುರುತು ಹೊರಬೀಳಬಾರದು.

ದುಡಿಮೆಯ ವಿಷಯವೂ ಬರುತ್ತದೆ. ಡಾಬಾ, ಹೋಟೆಲ್, ರೆಸಾರ್ಟ್‌ಗಳಲ್ಲಿ ಹದಿನಾಲ್ಕು ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳುವುದಕ್ಕೆ 2006ರ ಅಕ್ಟೋಬರ್ 10ರಿಂದಲೇ ನಿಷೇಧ ಇದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಆ ವಯಸ್ಸಿನವರಿಗೆ ಯಾವ ಕೆಲಸವೂ ಇಲ್ಲ. ಆದರೆ ಶಾಲೆ ಮುಗಿದ ಮೇಲೆ ಮನೆಯವರ ಅಪಾಯವಿಲ್ಲದ ವ್ಯಾಪಾರದಲ್ಲಿ ಕೈಜೋಡಿಸಲು ವಿನಾಯಿತಿ ಉಂಟು. ಹಂಪಿಯಲ್ಲಿ ಅಪ್ಪನ ಅಂಗಡಿ ಮುಂದೆ ಸಂಜೆ ಪೋಸ್ಟ್‌ಕಾರ್ಡ್ ಮಾರುವ ಹುಡುಗನನ್ನು ಕಂಡಕೂಡಲೇ ಹೀರೋ ಥರ ಹಾರಬೇಡಿ. ಅವನು ಶಾಲೆಗೆ ಹೋಗುತ್ತಾನಾ, ರಾತ್ರಿ ಎಷ್ಟು ಹೊತ್ತಿನವರೆಗೆ ಇರುತ್ತಾನೆ, ಪ್ರವಾಸಿಗರ ಹಿಂದೆ ರೂಮಿನವರೆಗೂ ಹೋಗುತ್ತಾನಾ ಎಂಬುದು ಬೇರೆ ಬೇರೆ ಪ್ರಶ್ನೆಗಳು. ಕೇಳಬೇಕಾದವರು ನೀವಲ್ಲ, ಮೇಲ್ವಿಚಾರಕರು.

ಹೋಟೆಲಿಗೆ ಹೋಗುವ ದಿನ

ಕೆಲಸದ ನಿಜವಾದ ತಿರುಳು ಇಲ್ಲಿದೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹೊತ್ತು ನೋಡಿಕೊಂಡು ಹೋಗಿ. ಹನ್ನೊಂದು, ಹನ್ನೆರಡರ ಸುಮಾರಿಗೆ ಚೆಕ್-ಔಟ್ ಗಲಾಟೆ. ಸಂಜೆ ಚೆಕ್-ಇನ್. ಮಧ್ಯಾಹ್ನ ಮೂರರ ಹೊತ್ತಿಗೆ ಊಟ ಮುಗಿಸಿದ ಸಿಬ್ಬಂದಿ ಅರ್ಧ ಗಂಟೆ ಸಿಗುತ್ತಾರೆ. ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರ್ ಕೊನೆ ವಾರ ಆ ಕಡೆ ತಲೆ ಹಾಕಬೇಡಿ.

ನಾನು ಮೊದಲ ಸಲ ತರಬೇತಿ ಕೊಟ್ಟದ್ದು ಕರಾವಳಿಯ ಒಂದು ಲಾಡ್ಜಿನಲ್ಲಿ. ನಲವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಆರನೇ ಸ್ಲೈಡಿಗೆ ಕರೆಂಟ್ ಹೋಯಿತು. ಏನು ಮಾಡುವುದು ತೋಚದೆ, "ನಿಮ್ಮ ರಿಜಿಸ್ಟರ್ ಕೊಡಿ, ನೋಡೋಣ" ಎಂದೆ. ದಪ್ಪ ರಟ್ಟಿನ, ಕೆಂಪು ಗೆರೆಯ ಉದ್ದ ಪುಸ್ತಕ. ಹೆಸರು, ಊರು, ಫೋನು, ಬಂದ ಹೊತ್ತು, ಹೋದ ಹೊತ್ತು, ಸಹಿ. 'ಒಟ್ಟು ಜನ' ಎಂಬ ಕಾಲಂನಲ್ಲಿ ಬರೀ ಅಂಕೆ: 2, 3, 2, 4. ನಾನು ಒಂದು ಸಾಲಿನ ಮೇಲೆ ಬೆರಳಿಟ್ಟು "ಈ 2ರಲ್ಲಿ ಎರಡನೆಯವರು ಯಾರು?" ಎಂದು ಕೇಳಿದೆ. ರಿಸೆಪ್ಷನ್ ಹುಡುಗ ಯೋಚಿಸಿ, "ಹೆಂಡ್ತಿ ಇರ್ಬೇಕು" ಎಂದ. ಮುಂದಿನದ್ದಕ್ಕೆ "ಗೊತ್ತಿಲ್ಲ". ಅದರ ಮುಂದಿನದ್ದಕ್ಕೆ "ಒಂದು ಚಿಕ್ಕ ಹುಡುಗ ಇದ್ದ. ಮಗ ಇರ್ಬೇಕು. ಅಲ್ವಾ?" ಎಂದು ರೂಮ್‌ಬಾಯ್ ಕಡೆ ತಿರುಗಿದ. ರೂಮ್‌ಬಾಯ್ ಹೇಳಿದ, "ಅಂಕಲ್ ಅಂತ ಕರೀತಿದ್ದ." ಆಮೇಲೆ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನೂ ಇರಬಹುದು, ಅಪ್ಪನ ಸ್ನೇಹಿತನೂ ಇರಬಹುದು, ಏನೂ ತಪ್ಪು ನಡೆದಿರಲಿಕ್ಕಿಲ್ಲ. ಆದರೆ ಪುಸ್ತಕದಲ್ಲಿ ಆ ಹುಡುಗ ಇರಲಿಲ್ಲ. ಒಂದು ಅಂಕೆ ಇತ್ತು.

ಅವತ್ತಿನಿಂದ ನನ್ನ ತರಬೇತಿ ರಿಜಿಸ್ಟರಿನಿಂದ ಶುರುವಾಗುತ್ತದೆ. ನೀವೂ ಹಾಗೇ ಮಾಡಿ. ಪುಸ್ತಕವನ್ನು ಅವರ ಕೈಯಲ್ಲೇ ಬಿಡಿ, ಫೋಟೊ ತೆಗೆಯಬೇಡಿ, ಗ್ರಾಹಕರ ಹೆಸರು ಬರೆದುಕೊಳ್ಳಬೇಡಿ. ಕಾಲಂಗಳನ್ನು ಮಾತ್ರ ನೋಡಿ. ಹದಿನೆಂಟರ ಒಳಗಿನವರಿಗೆ ಹೆಸರು, ವಯಸ್ಸು, ಜೊತೆಗಿರುವವರಿಗೆ ಏನಾಗಬೇಕು ಎಂಬ ಮೂರು ಕಾಲಂ ಸೇರಿಸುವಂತೆ ಮಾಡುವುದು ಒಂದು ಭೇಟಿಯಲ್ಲಿ ಸಾಧಿಸಬಹುದಾದ ಅತಿ ದೊಡ್ಡ ಕೆಲಸ. ಖರ್ಚು ಏನು? ಒಂದು ಸ್ಕೇಲು, ಒಂದು ಪೆನ್ನು. ವಿದೇಶಿಯರು ತಂಗಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರದ ಫಾರ್ಮನ್ನು ಸರ್ಕಾರಕ್ಕೆ ಕಳಿಸುವುದು ಲಾಡ್ಜಿನವರಿಗೆ ಆಗಲೇ ರೂಢಿ. "ಅದರ ಥರಾನೇ ಇದೂ ಒಂದು" ಎಂದರೆ ಬೇಗ ಅರ್ಥವಾಗುತ್ತದೆ.

ಆಮೇಲೆ ಲಕ್ಷಣಗಳ ಮಾತು. ಜೊತೆಗಿರುವ ದೊಡ್ಡವರಿಗೆ ಮಗುವಿನ ಪೂರ್ತಿ ಹೆಸರೋ ಶಾಲೆಯೋ ಗೊತ್ತಿಲ್ಲ; ಐಡಿ ಕೇಳಿದರೆ ಜಗಳ; ಹಿಂಬಾಗಿಲಿನ ಪಕ್ಕದ ರೂಮೇ ಬೇಕು; ಮೂರು ದಿನ ಕ್ಲೀನಿಂಗ್‌ಗೆ ಒಳಗೆ ಬಿಡುವುದಿಲ್ಲ; ಹೊರ ಊರಿನ ಗಿರಾಕಿಯ ರೂಮಿಗೆ ಇದೇ ಊರಿನ ಮಗು ಬಂದುಹೋಗುತ್ತದೆ; ಮಗು ಉತ್ತರ ಕೊಡುವ ಮುಂಚೆ ಪ್ರತಿಸಲ ಅವರ ಮುಖ ನೋಡುತ್ತದೆ. ಇದರಲ್ಲಿ ಒಂದೇ ಒಂದು ಕಂಡರೆ ತೀರ್ಮಾನಕ್ಕೆ ಬರುವಂತಿಲ್ಲ, ನಾಲ್ಕು ಸೇರಿದರೆ ಸುಮ್ಮನಿರುವಂತಿಲ್ಲ ಎಂದು ಹೇಳಿ. ಜೊತೆಗೇ ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳಬೇಕು: ಮಗಳನ್ನು ಪರೀಕ್ಷೆಗೆ ಕರೆತಂದ ಅಪ್ಪ, ಮೊಮ್ಮಗನ ಜೊತೆ ಬಂದ ಅಜ್ಜ, ದತ್ತು ಮಗುವಿನ ಜೊತೆ ಬಂದ ದಂಪತಿ, ಮಗುವಿಗಿಂತ ಬಣ್ಣ ಬೇರೆಯಾದ ತಾಯಿ, ಇವರನ್ನು ಕಳ್ಳರಂತೆ ನೋಡಬಾರದು. ಕೇಳುವುದನ್ನು ಎಲ್ಲರಿಗೂ ಕೇಳಿ, ನಗುತ್ತಾ ಕೇಳಿ. ಎಲ್ಲರಿಗೂ ಕೇಳಿದರೆ ಯಾರಿಗೂ ಅವಮಾನವಿಲ್ಲ.

ಒಂದು ಸಣ್ಣ ಉಪಾಯ. ಮ್ಯಾನೇಜರ್ ಎದುರಿಗೆ ಹೌಸ್‌ಕೀಪಿಂಗ್‌ನವರು ಬಾಯಿ ಬಿಡುವುದಿಲ್ಲ. ಅವರಿಗೆ ಬೇರೆ ಕೂರಿಸಿ ಹದಿನೈದು ನಿಮಿಷ ಕೊಡಿ. ಕಸದ ಬುಟ್ಟಿಯಲ್ಲಿ ಏನಿತ್ತು, ರೂಮಿನಲ್ಲಿ ಎಷ್ಟು ಹಾಸಿಗೆ ಬಳಸಿದ್ದರು ಎಂದು ನೋಡುವವರು ಅವರೇ. ಕಂಡದ್ದನ್ನು ಹೇಳಿದರೆ ಕೆಲಸ ಹೋಗುತ್ತದೇನೋ ಎಂಬ ಅಂಜಿಕೆಯೂ ಅವರದ್ದೇ. ಆದ್ದರಿಂದ ಮ್ಯಾನೇಜರ್ ಬಾಯಿಂದಲೇ, ಎಲ್ಲರ ಮುಂದೆ, "ಹೇಳಿದವರ ಕೆಲಸಕ್ಕೆ ಏನೂ ಆಗಲ್ಲ" ಎಂದು ಹೇಳಿಸಿ.

ಪೋಸ್ಟರಿನ ಕನ್ನಡ

ಕನ್ನಡ ಚೆನ್ನಾಗಿ ಬರುವ ಇಂಟರ್ನ್ ಕೈಗೆ ಖಂಡಿತ ಅನುವಾದ ಬರುತ್ತದೆ. ಇಲ್ಲಿ ಪದ ಜಾರಿದರೆ ಅರ್ಥವೇ ಜಾರುತ್ತದೆ. ಇಂಗ್ಲಿಷಿನ ಹಳೆಯ ಪದವನ್ನು ಹಾಗೇ ತಿರುಗಿಸಿ 'ಮಕ್ಕಳ ಲೈಂಗಿಕ ಪ್ರವಾಸೋದ್ಯಮ' ಎಂದು ಬರೆದ ಕರಪತ್ರ ನಾನು ನೋಡಿದ್ದೇನೆ. ಅದೂ ಒಂದು ಉದ್ಯಮವೇನೋ, ಲೈಸೆನ್ಸ್ ಸಿಗುತ್ತದೇನೋ ಎಂಬಂತೆ ಕೇಳುತ್ತದೆ. 2016ರಲ್ಲಿ ಬಂದ ಲಕ್ಸೆಂಬರ್ಗ್ ಮಾರ್ಗಸೂಚಿಗಳು ಈ ಬಗೆಯ ಪದಗಳನ್ನು ಕೈಬಿಡಲು ಹೇಳಿವೆ. 'ಪ್ರವಾಸದ ನೆಪದಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ' ಎಂದರೆ ಎಲ್ಲರಿಗೂ ತಿಳಿಯುತ್ತದೆ. 'ಬಾಲವೇಶ್ಯೆ' ಎಂಬ ಪದವಂತೂ ಎಲ್ಲೂ ಸುಳಿಯಬಾರದು. ಮಗು ಅದನ್ನು ಆರಿಸಿಕೊಂಡಿಲ್ಲ.

ಬರೆದ ಮೇಲೆ ಓದುವವರ ಮುಂದೆಯೇ ಓದಿ ನೋಡಿ. "ಶೋಷಣೆ ತಡೆಯಿರಿ" ಎಂದು ನಾವು ದಪ್ಪಕ್ಷರದಲ್ಲಿ ಹಾಕಿದ್ದನ್ನು ಮಡಿಕೇರಿ ಕಡೆಯ ಒಬ್ಬ ಅಡುಗೆಯವರು ಓದಿ, "ಸಂಬಳ ಕಡಿಮೆ ಕೊಡೋದ್ರ ಬಗ್ಗೆನಾ?" ಎಂದು ಕೇಳಿದರು. ಅವರದ್ದೂ ತಪ್ಪಲ್ಲ. ಆ ಪೋಸ್ಟರ್ ವಾಪಸ್ ತಂದೆವು. ಈಗಿನದರಲ್ಲಿ ಇರುವುದು ಒಂದು ಪ್ರಶ್ನೆ, ಒಂದು ನಂಬರು: "ಮಗುವಿನ ಬಗ್ಗೆ ಅನುಮಾನವಾ? 1098ಕ್ಕೆ ಫೋನ್ ಮಾಡಿ."

ಅನುಮಾನ ಬಂದೇ ಬಿಟ್ಟರೆ

ಇಂಟರ್ನ್ ಆಗಿದ್ದಾಗಲೇ ಹೀಗಾಗಬಹುದು. ತರಬೇತಿ ಮುಗಿಸಿ ಹೊರಡುವಾಗ ಯಾರೋ ಪಕ್ಕಕ್ಕೆ ಕರೆದು ಏನೋ ಹೇಳುತ್ತಾರೆ. ಆಗ ನೀವು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು.

ಮೊದಲು ಮೇಲ್ವಿಚಾರಕರಿಗೆ ಫೋನ್. ಅವರು ಸಿಗದಿದ್ದರೆ ಕಾಯಬೇಡಿ. ಮಗುವಿಗೆ ಈಗಲೇ ಅಪಾಯ ಎನಿಸಿದರೆ 112, ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ನಡೆಯುತ್ತದೆ, ಕರೆಗೆ ದುಡ್ಡು ಬೀಳುವುದಿಲ್ಲ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಜೊತೆ ನಡೆಸುತ್ತಿದೆ. ಹೇಳಿದವರು ಬಳಸಿದ ಮಾತುಗಳನ್ನೇ, ಹೊತ್ತು ಸಮೇತ, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಮೇಲ್ವಿಚಾರಕರಿಗೆ ಕೊಡಿ. ನಿಮ್ಮ ಊಹೆ ಸೇರಿಸಬೇಡಿ.

ರೂಮಿನ ಬಾಗಿಲು ತಟ್ಟಬೇಡಿ. ಗಿರಾಕಿಯ ಹಿಂದೆ ಹೋಗಬೇಡಿ. ಗ್ರಾಹಕರಂತೆ ನಟಿಸಿ ಮಾಹಿತಿ ತೆಗೆಯುವ ಸಾಹಸ ಬೇಡ. ಮಗುವನ್ನು ಪ್ರಶ್ನೆ ಮಾಡಬೇಡಿ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು ಎಂದು ಪೋಕ್ಸೊ ಅಷ್ಟು ಎಚ್ಚರಿಕೆಯಿಂದ ಬರೆದಿದೆ. ನೀವು ಅವಸರದಲ್ಲಿ ಕೇಳಿದ ನಾಲ್ಕು ಪ್ರಶ್ನೆ ಮುಂದೆ ಕೋರ್ಟಿನಲ್ಲಿ ಆರೋಪಿಯ ವಕೀಲರಿಗೆ ಅಸ್ತ್ರವಾಗಬಹುದು. ಇಪ್ಪತ್ತನಾಲ್ಕು ಗಂಟೆಯೊಳಗೆ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಮುಟ್ಟಿಸುವುದು ಪೊಲೀಸರ ಕೆಲಸ.

ಆಮೇಲೆ "ಏನಾಯ್ತು?" ಎಂದು ಕೇಳಿದರೆ ನಿಮಗೆ ಉತ್ತರ ಸಿಗದಿರಬಹುದು. ಪ್ರಕರಣ ಗೋಪ್ಯ. ಇದು ಸಹಿಸಲು ಕಷ್ಟ, ನನಗೆ ಈಗಲೂ ಕಷ್ಟ.

ಫೋನಿನ ವಿಷಯ ಪ್ರತ್ಯೇಕ ಹೇಳಬೇಕು. ಒಬ್ಬ ಇಂಟರ್ನ್, ಒಳ್ಳೆಯ ಹುಡುಗಿ, ತರಬೇತಿ ಮುಗಿದ ಸಂತೋಷಕ್ಕೆ ಇನ್‌ಸ್ಟಾಗ್ರಾಂನಲ್ಲಿ ಸೆಲ್ಫಿ ಹಾಕಿದಳು. ಊರಿನ ಹೆಸರು, ನಮ್ಮ ಸಂಸ್ಥೆಯ ಹೆಸರು, ಹಿಂದೆ ಬಳೆ ಮಾರುವ ಇಬ್ಬರು ಹುಡುಗಿಯರ ಮುಖ, ಎಲ್ಲ ಸ್ಪಷ್ಟ. ಅವಳು ಬರೆದದ್ದು 'ಮಕ್ಕಳನ್ನು ಉಳಿಸೋಣ' ಎಂದು. ಆ ಎರಡು ಹುಡುಗಿಯರಿಗೆ ಏನೂ ಆಗಿರಲಿಲ್ಲ. ಆದರೆ ಫೋಟೊ ನೋಡಿದವರು ಏನೋ ಆಗಿದೆ ಎಂದೇ ತಿಳಿದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ತೆಗೆಸಿದೆವು, ಅಷ್ಟರಲ್ಲಿ ಅದೇ ಊರಿನವರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿ "ಇದು ನಮ್ ಬೀದಿ ಹುಡುಗೀರು" ಎಂದು ಕೇಳಿಯಾಗಿತ್ತು. ಆ ಹುಡುಗಿಯರ ಮನೆಗೆ ಹೋಗಿ ಕ್ಷಮೆ ಕೇಳಿದ್ದು ನಾನು.

ನಿಮ್ಮ ಮನಸ್ಸು

ಮೇಜಿನ ಮುಂದೆ ಕೂತು ಪತ್ರಿಕಾ ವರದಿಗಳನ್ನು ಎಕ್ಸೆಲ್‌ಗೆ ತುಂಬುವ ಕೆಲಸವೂ ನಿದ್ದೆ ಕೆಡಿಸುತ್ತದೆ. ಮಲಗುವ ಮುಂಚೆ ಈ ಓದು ಬೇಡ. ವಾರಕ್ಕೊಮ್ಮೆ ಮೇಲ್ವಿಚಾರಕರ ಜೊತೆ ಕೂತು ಮಾತಾಡುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಯಾರೊಂದಿಗೂ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಬಾಲ್ಯದಲ್ಲಿ ಇಂಥ ಅನುಭವ ಆಗಿದ್ದರೆ ಈ ಕೆಲಸ ಮಾಡಬಾರದು ಎಂದೇನಿಲ್ಲ. ಯಾವ ಕೆಲಸ ಬೇಡ ಎಂದು ಹೇಳುವ ಹಕ್ಕು ನಿಮಗಿದೆ, ಕಾರಣ ಹೇಳಬೇಕಾಗಿಯೂ ಇಲ್ಲ.

ಕೊನೆಯ ವಾರ

ಪ್ರಮಾಣಪತ್ರ ಕೇಳುವ ಮುಂಚೆ ಹಸ್ತಾಂತರದ ಫೈಲು ಮಾಡಿ. ಹೋದ ಹೋಟೆಲ್‌ಗಳ ಪಟ್ಟಿ, ಯಾರ ಜೊತೆ ಮಾತಾಡಿದ್ದು, ಏನು ಒಪ್ಪಿದರು, ಏನು ಒಪ್ಪಲಿಲ್ಲ, ಮತ್ತೆ ಯಾವಾಗ ಹೋಗಬೇಕು. ಜಿಲ್ಲಾವಾರು ನಂಬರುಗಳ ಪಟ್ಟಿ ಕೊಡುವುದಾದರೆ ಪ್ರತಿಯೊಂದಕ್ಕೂ ನೀವೇ ಒಮ್ಮೆ ಫೋನ್ ಮಾಡಿ, ಎತ್ತಿದರಾ ಇಲ್ಲವಾ ಎಂದು ಪಕ್ಕದಲ್ಲಿ ತಾರೀಖು ಬರೆಯಿರಿ. ಇಂಟರ್ನ್‌ಗಳು ಬಿಟ್ಟುಹೋದ ಪಟ್ಟಿಯಲ್ಲಿ ಸತ್ತ ನಂಬರುಗಳೇ ಎಷ್ಟೋ. ವರದಿ ಕನ್ನಡದಲ್ಲಿ ಬರೆಯಲು ಬಿಡಿ ಎಂದು ಕೇಳಿ; ಇಂಗ್ಲಿಷ್ ವರದಿ ದಾನಿಗಳಿಗೆ ಹೋಗುತ್ತದೆ, ಕನ್ನಡದ್ದನ್ನು ಲಾಡ್ಜಿನವರಿಗೇ ಕೊಟ್ಟು ಬರಬಹುದು. ಪ್ರಮಾಣಪತ್ರದಲ್ಲಿ 'ಯಶಸ್ವಿಯಾಗಿ ಪೂರೈಸಿದ್ದಾರೆ' ಎಂಬ ಸಾಲಿಗಿಂತ ಏನು ಮಾಡಿದಿರಿ ಎಂದು ನಿರ್ದಿಷ್ಟವಾಗಿ ಬರೆಸಿಕೊಳ್ಳಿ: ಎಷ್ಟು ತರಬೇತಿ, ಯಾವ ಭಾಷೆಯಲ್ಲಿ, ಯಾವ ಸಾಮಗ್ರಿ.

ಸಾಧ್ಯವಾದರೆ ನಿಮ್ಮ ಮೊದಲ ಲಾಡ್ಜಿಗೆ ಇನ್ನೊಮ್ಮೆ ಹೋಗಿ ಬನ್ನಿ. ನಾನು ಹೋಗಿದ್ದೆ, ಎರಡು ತಿಂಗಳ ನಂತರ. ರಿಸೆಪ್ಷನ್ ಹುಡುಗ ಹೆಮ್ಮೆಯಿಂದ ಪುಸ್ತಕ ತಿರುಗಿಸಿ ತೋರಿಸಿದ. ಸ್ಕೇಲ್ ಇಟ್ಟು ನೇರವಾಗಿ ಎಳೆದ ಹೊಸ ಗೆರೆಗಳು, ಮೇಲೆ ಅವನದೇ ಅಕ್ಷರದಲ್ಲಿ 'ಮಗುವಿನ ಹೆಸರು', 'ವಯಸ್ಸು', 'ಸಂಬಂಧ'. ಹೆಸರು ಇದ್ದವು, ವಯಸ್ಸೂ ಇತ್ತು. 'ಸಂಬಂಧ'ದ ಕೆಳಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಒಂದೇ ಪದ ಬರೆದಿದ್ದ: 'ಇದೆ'.

ನಗು ತಡೆದುಕೊಂಡು, ಕುರ್ಚಿ ಎಳೆದುಕೊಂಡು, ಮತ್ತೆ ಮೊದಲಿನಿಂದ ಹೇಳಿಕೊಡಲು ಕೂತೆ.